ರಾಜಗಿರಿಯನ್ನು ಪಾಲಕ ಎಂದ ದಿನ

ಮೆಂತೆಯ ಎಲೆಯನ್ನಷ್ಟೇ ಚಿವುಟಬೇಕು, ದಂಟು ಸೇರಿದರೆ ಪಲ್ಯ ಕಹಿ. ಪುಂಡಿಯ ದಂಟು ಬರೀ ನಾರು, ಎಲೆ ಹುಳಿ. ಜೋಳದ ನುಚ್ಚು ಹಾಕಿ ಕುದಿಸಿ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಮರುದಿನ ಇನ್ನೂ ರುಚಿ. ರಾಜಗಿರಿಯ ಎಳೆಯ ದಂಟನ್ನು ಎಸೆಯುವವಳು ದಡ್ಡಿ. ಸಬ್ಬಸಗಿಯನ್ನು ಕಣ್ಣು ಮುಚ್ಚಿಕೊಂಡೇ ಹೇಳಬಹುದು, ವಾಸನೆ ಸಾಕು. ನಾನು ಕಲಿತದ್ದು ನಾಲ್ಕನೆಯ ಇಯತ್ತೆಯವರೆಗೆ. ಆದರೆ ಇದೆಲ್ಲ ಎಂಟು ವರ್ಷದವಳಿದ್ದಾಗಲೇ ನನಗೆ ಗೊತ್ತಿತ್ತು. ಬೆಳಗಾವಿಯ ಅಂಚಿನಲ್ಲಿ ನಮ್ಮದೊಂದು ಸಣ್ಣ ತೋಟ. ಅವ್ವ ಬುಟ್ಟಿ ಹೊತ್ತು ಮಿಲಿಟರಿ ಕ್ಯಾಂಪಿನ ಬಂಗಲೆಗಳಿಗೆ ಪಲ್ಯ ಮಾರಲು ಹೋಗುತ್ತಿದ್ದಳು; ನಮ್ಮ ಕಡೆ ಹಸಿ ಸೊಪ್ಪಿಗೂ ಪಲ್ಯ ಎಂದೇ ಹೆಸರು. ನಾನು ಮನೆಯಲ್ಲಿ ಕೂತು ಸಿವುಡು ಕಟ್ಟುತ್ತಿದ್ದೆ. ತಂಗಿ ಶಾಲೆಗೆ ಹೋಗುತ್ತಿದ್ದಳು. ಅವಳಿಗೆ ಮ್ಯಾಟ್ರಿಕ್ ಮುಗಿಸಿ ನರ್ಸ್ ಆಗುವ ಆಸೆ.

ಎಪ್ಪತ್ತರ ದಶಕದ ಕೊನೆಗೆ ಖಾನಾಪುರದವರು ನನ್ನನ್ನು ನೋಡಲು ಬಂದರು. ಹದಿನಾಲ್ಕು ಮಂದಿಯ ಮನೆ, ನಾಲ್ಕು ತಿಂಗಳು ಬಿಡದ ಮಳೆ, ಸೊಸೆಯಾದವಳು ಒಲೆಯ ಮುಂದಿನಿಂದ ಏಳುವಂತಿಲ್ಲ ಎಂದು ಕೇಳಿದ್ದೆ. ನನಗೆ ಆ ಮನೆ ಬೇಡವಾಗಿತ್ತು. ಹಾಗೆನ್ನಲು ಅಪ್ಪನ ಮುಂದೆ ನನಗೆ ಬಾಯಿ ಇರಲಿಲ್ಲ.

ಆಗ ಕೆಲವರು ಕನ್ಯೆಯ ಕೈಗೆಲಸ ನೋಡಲು ಪಲ್ಯ ಸೋಸಲು, ಅಂದರೆ ಆರಿಸಿ ಹಸನು ಮಾಡಲು, ಹಚ್ಚುತ್ತಿದ್ದರು. ಹುಡುಗನ ತಾಯಿ ನಾಲ್ಕಾರು ಪಲ್ಯ ಬೆರೆಸಿದ ಮೊರವನ್ನು ನನ್ನ ಮುಂದೆ ಸರಿಸಿದಳು.

“ಬ್ಯಾರೆ ಬ್ಯಾರೆ ಮಾಡಿ ಸೋಸವ್ವಾ. ಕೈ ನೋಡೂಣು.”

ನಾನು ಸಬ್ಬಸಗಿಯನ್ನು ಕೊತ್ತಂಬರಿಯ ಗುಂಪಿಗೆ ಹಾಕಿದೆ. ಮೆಂತೆಯನ್ನು ದಂಟಿನ ಸಮೇತ ಮುರಿದೆ.

“ಇದ್ಯಾವ ಪಲ್ಯ?” ಆಕೆ ರಾಜಗಿರಿ ಎತ್ತಿ ತೋರಿಸಿದಳು.

“ಪಾಲಕ ಇರಬೇಕ್ರಿ.”

ಆಕೆ ನಕ್ಕಳು. “ಏನ್ರಿ ಇದು, ಪಲ್ಯ ಮಾರೋರ ಮನಿ ಹುಡುಗಿಗೆ ಪಲ್ಯದ ಗುರ್ತನ ಇಲ್ಲ!”

ಅವ್ವ ತಲೆ ತಗ್ಗಿಸಿದಳು. ಆ ಹೊತ್ತಿಗೇ ಶಾಲೆಯಿಂದ ಬಂದ ತಂಗಿ ಪಾಟಿಚೀಲವನ್ನೂ ಇಳಿಸದೆ ಓಡಿಬಂದಳು.

“ಅಯ್ಯ ಅಕ್ಕಾ, ರಾಜಗಿರಿ ಅಲ್ಲೇನ ಅದು? ಅಂಜ್ಯಾಳ್ರಿ ಅಕಿ, ದಿನಾ ಅಕೀನ ಸೋಸ್ತಾಳ.”

ನನ್ನ ಮಾನ ಉಳಿಸಲು ಪಕ್ಕದಲ್ಲಿ ಕೂತು ಚಕಚಕನೆ ಎಲ್ಲವನ್ನೂ ಬೇರೆ ಮಾಡಿದಳು. ಆ ಹೆಂಗಸಿನ ಕಣ್ಣು ನನ್ನನ್ನು ಬಿಟ್ಟು ಅವಳ ಬೆರಳುಗಳ ಮೇಲೆ ನಿಂತಿತು.

“ಎಷ್ಟನೇ ಇಯತ್ತ್ಯಾಗ ಅದೀ?”

“ಹತ್ತನೇದ್ರಿ.”

“ಸಾಕಾತಲ್ಲ. ಇನ್ನೆಷ್ಟ ಕಲೀತಿ?”

ಆಗಲೂ ನಾನು ಬಾಯಿ ಬಿಡಬೇಕಿರಲಿಲ್ಲ. ಮೊರ ನನ್ನ ಕಡೆ ಎಳೆದುಕೊಂಡು ಸೋಸಿದ್ದರೆ ಸಾಕಿತ್ತು. ನಾನು ನೆಲ ನೋಡುತ್ತ ಕೂತೆ. ಪರೀಕ್ಷೆಗೆ ಮುಂಚೆಯೇ ತಂಗಿ ಮದುವೆಯಾಗಿ ಖಾನಾಪುರದ ಆ ಮನೆಗೆ ಹೋದಳು. ಅವಳ ಪುಸ್ತಕಗಳನ್ನು ಅವ್ವ ಹಳೆಯ ಸೀರೆಯಲ್ಲಿ ಕಟ್ಟಿ ಅಟ್ಟಕ್ಕೇರಿಸಿದಳು. ಎರಡು ವರ್ಷದ ನಂತರ ನನಗೆ ಬೆಳಗಾವಿಯಲ್ಲೇ ಗಂಡು ಸಿಕ್ಕಿತು. ಎರಡು ಕೋಣೆ, ಮೂರು ಮಂದಿ, ಬಾಗಿಲಲ್ಲೇ ನಲ್ಲಿ.

ಆಮೇಲೊಂದು ಮಳೆಗಾಲ ಖಾನಾಪುರಕ್ಕೆ ಹೋಗಿದ್ದೆ. ತಂಗಿಯ ಅಡುಗೆಮನೆಗೆ ಅಂಗೈ ಅಗಲದ ಒಂದೇ ಕಿಟಕಿ. ಹಸಿ ಕಟ್ಟಿಗೆಯ ಹೊಗೆ ಹೊರಗೆ ಹೋಗಲು ದಾರಿಯಿಲ್ಲದೆ ನಮ್ಮ ಸುತ್ತಲೇ ತಿರುಗುತ್ತಿತ್ತು. ಅವಳ ಮುಂದೆ ಮೊರದ ತುಂಬ ಪಲ್ಯ.

“ಇದು ಟಾಕಳಾ, ಅಕ್ಕಾ. ಯಾರೂ ಬಿತ್ತೂದಿಲ್ಲ, ಮೊದಲ ಮಳಿಗೆ ತಾನ ಹುಟ್ಟತೈತಿ. ಎಳೀದಿದ್ದಾಗ ಮೆಂತೆ ಇದ್ದಂಗ ಕಾಣತೈತಿ, ನೋಡು.”

ಅದೊಂದು ನನಗೆ ನಿಜವಾಗಿಯೂ ಗೊತ್ತಿಲ್ಲದ ಪಲ್ಯ. ಅವಳು ತಲೆಯೆತ್ತದೆ ಕೇಳಿದಳು.

“ಅವತ್ತ ನಿನಗ ಖರೇನ ಗುರ್ತ ಹತ್ತಲಿಲ್ಲೇನ?”

ಏಳು ವರ್ಷದಿಂದ ಈ ಮಾತಿಗೇ ಅಂಜುತ್ತಿದ್ದೆ.

“ಅಂಜಿಕಿ ಆಗಿತ್ತವ್ವಾ. ಕೈ ನಡಗತಿದ್ವು,” ಎಂದೆ.

ಪಡಸಾಲೆಯಿಂದ ಅವಳ ಅತ್ತೆಯ ದನಿ ಬಂತು: “ಇನ್ನೂ ಎಷ್ಟೊತ್ತ ಸೋಸ್ತೀ?”

ತಂಗಿ ಮೊರದಲ್ಲಿದ್ದ ಮೆಂತೆ, ರಾಜಗಿರಿಯನ್ನು ನನ್ನ ಕಡೆ ತಳ್ಳಿದಳು. “ಇವಷ್ಟ ನೀ ಸೋಸು. ಇಲ್ಲಿ ಯಾರಿಗಿ ಅಂಜ್ತಿ?”

ನನ್ನ ಬೆರಳುಗಳು ತಾವೇ ಓಡಿದವು. ಮೆಂತೆಯ ಎಲೆ ಒಂದು ಕಡೆ, ರಾಜಗಿರಿಯ ಎಳೆಯ ದಂಟು ಇನ್ನೊಂದು ಕಡೆ. ತಲೆಯೆತ್ತಿದಾಗ ಅವಳು ಕೆಲಸ ಬಿಟ್ಟು ನನ್ನ ಕೈಯನ್ನೇ ನೋಡುತ್ತಿದ್ದಳು. ಆಮೇಲೆ ಊದುಗೊಳವೆ ತೆಗೆದುಕೊಂಡು ಒಲೆಯ ಕಡೆ ತಿರುಗಿದಳು. ಮತ್ತೆಂದೂ ಆ ಮಾತು ಕೇಳಲಿಲ್ಲ. ನಾನೂ ಹೇಳಲಿಲ್ಲ.