ಭುಜದ ಕೆಳಗಿನ ಆಟ

ಎರಡು ವರ್ಷದ ಹಿಂದಿನ ಮಾತು. ಕುಂದಗೋಳದ ಬಸ್ ನಿಲ್ದಾಣದ ಹತ್ತಿರ ಫಿಜಿಯೋಥೆರಪಿ ಕ್ಲಿನಿಕ್ ಇಟ್ಟುಕೊಂಡಿದ್ದ ನನ್ನನ್ನು, ಧಾರವಾಡದಲ್ಲಿ ನಡೆದ ಮಹಿಳೆಯರ ಅಂತರರಾಷ್ಟ್ರೀಯ ಟೆನಿಸ್ ಟೂರ್ನಿಗೆ ಒಂದು ವಾರದ ಮಟ್ಟಿಗೆ ಫಿಜಿಯೋ ಆಗಿ ಕರೆದಿದ್ದರು. ಹತ್ತಿ ಬಿಡಿಸಿ ಬೆನ್ನು ಹಿಡಿದವರು, ಬೈಕಿನಿಂದ ಬಿದ್ದವರು ನನ್ನ ದಿನನಿತ್ಯದ ರೋಗಿಗಳು. ಆಟಗಾರ್ತಿಯರ ಮೈಯೂ ಇದೇ ಎಲುಬು ಮಾಂಸದ್ದಲ್ಲವೇ ಎಂಬ ಭಂಡ ಧೈರ್ಯದಿಂದ ಹೊರಟೆ.

ಅಲ್ಲಿ ಸಿಕ್ಕವಳು ಇಲಾರಿಯಾ. ಇಟಲಿಯವಳು, ವಯಸ್ಸು ಮೂವತ್ತಾರು. ಒಂದು ಕಾಲಕ್ಕೆ ಜಗತ್ತಿನ ಮೊದಲ ನೂರು ಆಟಗಾರ್ತಿಯರಲ್ಲಿ ಇದ್ದವಳು. ಆಮೇಲೆ ರ‍್ಯಾಂಕಿಂಗ್ ಇಳಿಯಿತು, ಕೋಚ್ ಬಿಟ್ಟುಹೋದ. ಈಗ ಒಂದು ಸೂಟ್‌ಕೇಸು, ಆರು ರ‍್ಯಾಕೆಟ್ಟು ಹಿಡಿದು ಒಬ್ಬಳೇ ದೇಶ ದೇಶ ತಿರುಗುತ್ತ ಸಣ್ಣ ಟೂರ್ನಿಗಳನ್ನು ಆಡುತ್ತಿದ್ದಳು. ಮೊದಲ ದಿನವೇ ನನ್ನ ಹತ್ತಿರ ಬಂದು ಮುಂಗೈಗೆ ಟೇಪ್ ಸುತ್ತಿಸಿಕೊಂಡಳು. ಮತ್ತೇನಾದರೂ ನೋವಿದೆಯೇ ಎಂದರೆ ನಕ್ಕು ಇಲ್ಲವೆಂದಳು. ಎರಡು ಪಂದ್ಯ ಗೆದ್ದಳು. ಸರ್ವ್ ಮಾತ್ರ ತೀರಾ ಮೆತ್ತಗಿತ್ತು. ವಯಸ್ಸಾಯಿತು, ಪಾಪ, ಎಂದುಕೊಂಡೆ.

ಕ್ವಾರ್ಟರ್ ಫೈನಲ್‌ಗೆ ಮುಂಚೆ ಅವಳಿಗೆ ಒಂದು ದಿನ ಬಿಡುವಿತ್ತು. ಹೋಟೆಲ್ ಊಟ ಸಾಕಾಗಿದೆ, ಯಾವುದಾದರೂ ಮನೆಯಲ್ಲಿ ಉಣ್ಣಬೇಕು ಅಂದಳು. ಯರಗುಪ್ಪಿಯ ನಮ್ಮ ಮನೆಗೆ ಕರೆದುಕೊಂಡು ಹೋದೆ. ಬಿಸಿ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಶೇಂಗಾ ಚಟ್ನಿ, ಮೊಸರು. ಇಲಾರಿಯಾ ಬೆರಳು ನೆಕ್ಕುತ್ತ ಉಂಡಳು. ಉಂಡಾದ ಮೇಲೆ ಪಡಸಾಲೆಯಲ್ಲಿ ಕೂತು ಬಿಚ್ಚಿದ ಕೂದಲು ಕಟ್ಟಿಕೊಳ್ಳಲು ನೋಡಿದಳು. ಅವ್ವ ಕಾಡಿಸಿದಳು.

“ಏನವಾ, ಇಷ್ಟ ದೊಡ್ಡಾಕಿ ಆಗಿ ಜಡಿ ಹಾಕ್ಕೊಳ್ಳಾಕ ಬರೂದಿಲ್ಲೇನು? ಬಾ ಇಲ್ಲೆ, ಕುಂದರು.”

ನನಗೆ ನಗು ಬರಲಿಲ್ಲ. ಎಲ್ಲರೂ ಕೈಯನ್ನು ತಲೆಗೆ ಒಯ್ಯುತ್ತಾರೆ. ಇವಳು ತಲೆಯನ್ನು ಬಗ್ಗಿಸಿ ಕೈ ಇದ್ದಲ್ಲಿಗೆ ತರುತ್ತಿದ್ದಳು. ಕೇಳಿದರೆ, ಇಷ್ಟು ದಿನ ಜಡೆ ಹಾಕಿಕೊಟ್ಟವಳು ಹೋಟೆಲಿನ ರಿಸೆಪ್ಶನ್ ಹುಡುಗಿ ಅಂದಳು.

ಅವ್ವ ಜಡೆ ಹೆಣೆದು ಮುಗಿಸಿದ ಮೇಲೆ ಅಲ್ಲೇ ಬಲಗೈ ಹಿಡಿದು ಪರೀಕ್ಷೆ ಮಾಡಿದೆ. ಭುಜದ ಕೀಲನ್ನು ಸುತ್ತಲಿಂದ ಹಿಡಿದಿಡುವ ನಾಲ್ಕು ಸ್ನಾಯುಗಳಿವೆ, ಅದಕ್ಕೆ ರೊಟೇಟರ್ ಕಫ್ ಎನ್ನುತ್ತೇವೆ. ಆ ಕಟ್ಟು ಹರಿದ ಲಕ್ಷಣ ಸ್ಪಷ್ಟವಾಗಿತ್ತು. ಕೈ ಭುಜದ ಮಟ್ಟ ದಾಟಿದೊಡನೆ ಅವಳ ಮುಖ ಬಿಳಿಚಿತು. ಈ ಕೈಯಲ್ಲಿ ಎರಡು ಪಂದ್ಯ ಸರ್ವ್ ಮಾಡಿದ್ದಳೇ! ಟೆನಿಸ್‌ನಲ್ಲಿ ಸರ್ವ್ ಎಂದರೆ ಚೆಂಡನ್ನು ತಲೆಯ ಮೇಲೆ ತೂರಿ, ಕೈಯನ್ನು ಪೂರ್ತಿ ಎತ್ತಿ ಹೊಡೆಯುವುದು. ಇನ್ನೊಂದು ಜೋರು ಹೊಡೆತ ಬಿದ್ದರೆ ಉಳಿದದ್ದೂ ಹರಿದೀತು. ನಾಳೆ ಆಡಬೇಡ ಎಂದು ಸಿಟ್ಟಿನಿಂದಲೇ ಹೇಳಿದೆ.

ಅವಳು ಸಿಟ್ಟಾಗಲಿಲ್ಲ. ತನ್ನ ತುಂಡು ಇಂಗ್ಲಿಷಿನಲ್ಲಿ ನಿಧಾನಕ್ಕೆ ವಿವರಿಸಿದಳು. ಬೇಸಿಗೆಯಲ್ಲಿ ಅವಳ ದೇಶದಲ್ಲೇ ಒಂದು ದೊಡ್ಡ ಟೂರ್ನಿ ಇದೆ. ನಾಳೆಯ ಪಂದ್ಯ ಗೆದ್ದರೆ ಅದರ ಅರ್ಹತಾ ಸುತ್ತಿಗೆ ಸಾಲುವಷ್ಟು ಅಂಕ ಸಿಗುತ್ತವೆ. ಸೋತರೆ ಇಲ್ಲ, ಮತ್ತೊಂದು ಅವಕಾಶವೂ ಇಲ್ಲ. ಅದು ಮುಗಿದ ಕೂಡಲೇ ಶಸ್ತ್ರಚಿಕಿತ್ಸೆ, ನಿವೃತ್ತಿ.

“ನಿಲ್ಲಿಸುವುದು ಖಂಡಿತ,” ಅಂದಳು. “ಆದರೆ ಗುರುತಿಲ್ಲದ ಯಾವುದೋ ಊರಿನಲ್ಲಲ್ಲ, ನನ್ನ ಮಂದಿಯ ಎದುರು ನಿಲ್ಲಿಸಬೇಕು. ಈ ಕೈಯಿಂದ ಏನು ಮಾಡಲು ಆಗುವುದಿಲ್ಲ ಎಂಬುದು ನನಗೆ ಗೊತ್ತು. ಏನು ಮಾಡಲು ಆಗುತ್ತದೆ, ಅದನ್ನು ಹೇಳು.”

ಇಷ್ಟು ವರ್ಷದ ವೃತ್ತಿಯಲ್ಲಿ ಈ ಪ್ರಶ್ನೆಯನ್ನು ಯಾರೂ ನನಗೆ ಕೇಳಿರಲಿಲ್ಲ. ಮತ್ತೊಮ್ಮೆ ಕೈಯನ್ನು ಎಲ್ಲ ದಿಕ್ಕಿಗೂ ತಿರುಗಿಸಿ ನೋಡಿ, “ಭುಜದ ಮಟ್ಟಕ್ಕಿಂತ ಕೆಳಗೆ ಎಲ್ಲವೂ ಆಗುತ್ತದೆ. ಮೇಲೆ ಏನೂ ಇಲ್ಲ,” ಅಂದೆ. ಅವಳು ತಲೆಯಾಡಿಸಿ ಅವ್ವನ ಹತ್ತಿರ ಇನ್ನೊಂದು ರೊಟ್ಟಿ ಕೇಳಿದಳು. ಸಂಜೆ ಟೂರ್ನಿಯ ವೈದ್ಯರಿಗೆ ತೋರಿಸಿದೆ. ಅವರೂ ಅಪಾಯವನ್ನು ಬಿಡಿಸಿ ಹೇಳಿ, ಆಡುವುದು ಬಿಡುವುದು ಅವಳ ನಿರ್ಧಾರ ಎಂದರು.

ಮರುದಿನ ಎದುರಾಳಿ ನಮ್ಮದೇ ದೇಶದ ಹತ್ತೊಂಬತ್ತರ ಹುಡುಗಿ, ಬಿರುಸಿನ ಹೊಡೆತದವಳು. ಜನವೆಲ್ಲ ಅವಳ ಕಡೆ. ಇಲಾರಿಯಾ ಸರ್ವ್ ಮಾಡಲು ನಿಂತಳು. ಚೆಂಡನ್ನು ಮೇಲೆ ತೂರಲಿಲ್ಲ. ಸೊಂಟದ ಹತ್ತಿರ ಕೈಬಿಟ್ಟು, ಕೆಳಗಿನಿಂದ ಸವರಿದ ಹಾಗೆ ಹೊಡೆದಳು. ಚೆಂಡು ನೆಟ್ ದಾಟಿ ಅಲ್ಲೇ ಕುಸಿಯಿತು. ನಿಯಮದಲ್ಲಿ ಇದಕ್ಕೆ ಅಡ್ಡಿಯಿಲ್ಲ, ಆದರೆ ಯಾರೂ ಮಾಡುವುದಿಲ್ಲ. ಗೊಳ್ಳೆಂದು ನಗು ಎದ್ದಿತು. ನನ್ನ ಹಿಂದೆ ಕೂತಿದ್ದವನೊಬ್ಬ, “ಏ, ಇದೇನ್ಲೇ ಅಜ್ಜಿ ಆಟ!” ಎಂದು ಸಿಳ್ಳೆ ಹಾಕಿದ. ಏನು ಮಾಡಲು ಆಗುತ್ತದೆ ಎಂದು ಅವಳು ಕೇಳಿದ್ದು ಯಾಕೆಂದು ನನಗೆ ಆಗ ಹೊಳೆಯಿತು.

ಮೊದಲ ಸೆಟ್ಟು ಸೋತಳು. ಹುಡುಗಿ ಮುಂದೆ ನುಗ್ಗಿ ಬಂದು ಆ ಮೆತ್ತನೆ ಸರ್ವ್‌ಗಳನ್ನು ಚಚ್ಚಿ ಹಾಕುತ್ತಿದ್ದಳು. ಎರಡನೇ ಸೆಟ್ಟಿನಲ್ಲಿ ಇಲಾರಿಯಾ ಲೆಕ್ಕ ಬದಲಿಸಿದಳು. ಒಂದು ಗಿಡ್ಡ ಸರ್ವ್, ಒಂದು ಉದ್ದ, ಒಂದು ನೇರ ಮೈಗೆ. ಹುಡುಗಿ ಮುಂದೆ ಬಂದರೆ ಹಿಂದಕ್ಕೆ ಕಳಿಸುವುದು, ಹಿಂದೆ ನಿಂತರೆ ಮುಂದಕ್ಕೆ ಎಳೆಯುವುದು. ಹುಡುಗಿಯೂ ದಡ್ಡಿಯಲ್ಲ. ಮೇಲಿನ ಹೊಡೆತ ಇವಳಿಗೆ ಆಗದೆಂದು ಪತ್ತೆಹಚ್ಚಿ, ಬೇಕೆಂದೇ ಚೆಂಡನ್ನು ಎತ್ತರಕ್ಕೆ ಕಳಿಸತೊಡಗಿದಳು. ಬೇರೆ ಯಾರಾದರೂ ಅದನ್ನು ಒಂದೇ ಏಟಿಗೆ ಮುಗಿಸುತ್ತಿದ್ದರು. ಇವಳು ಪ್ರತಿಸಲ ಬೆನ್ನು ತಿರುಗಿಸಿ ಅಂಕಣದ ತುದಿಯ ತನಕ ಓಡುವಳು, ಚೆಂಡು ಪುಟಿದು ಇಳಿದು ಸೊಂಟದ ಮಟ್ಟಕ್ಕೆ ಬರುವ ತನಕ ಕಾಯುವಳು, ಆಮೇಲೆ ಹೊಡೆಯುವಳು. ಮೂವತ್ತಾರರ ಕಾಲುಗಳು, ಧಾರವಾಡದ ಮಧ್ಯಾಹ್ನದ ಬಿಸಿಲು.

ಎರಡನೇ ಸೆಟ್ಟು ಅವಳದಾಯಿತು. ನಗು ಎಲ್ಲಿ ನಿಂತಿತೋ ಗೊತ್ತಾಗಲಿಲ್ಲ. ಮೂರನೆಯದರಲ್ಲಿ ಹಿಂದಿನ ಸಿಳ್ಳೆಯವನೇ, “ಆಕಿ ತಲಿ ನೋಡ್ರಿ, ಅಗದಿ ಚುರುಕ ತಲಿ ಅದು!” ಎಂದು ಬಾಜೂದವನಿಗೆ ಹೇಳುತ್ತಿದ್ದ. ಕೊನೆಯ ಪಾಯಿಂಟನ್ನೂ ಅದೇ ಅಜ್ಜಿ ಸರ್ವ್‌ನಿಂದ ಗೆದ್ದಳು. ಹಾಗೇ ಬೆಂಚಿನ ಮೇಲೆ ಕುಸಿದು ಕೂತಳು. ಓಡಿಹೋಗಿ ಭುಜಕ್ಕೆ ಐಸ್ ಇಟ್ಟೆ. ಮರುದಿನದ ಸೆಮಿಫೈನಲ್ ಆಡಲಿಲ್ಲ. ಬೇಕಾದ ಅಂಕ ಸಿಕ್ಕಿದ್ದವು.

ಕುಂದಗೋಳಕ್ಕೆ ಮರಳಿದ ಮೇಲೆ ನನ್ನ ತಪಾಸಣೆಯ ರೀತಿ ಬದಲಾಯಿತು. ಎಲ್ಲಿ ನೋವು, ಏನು ಆಗುವುದಿಲ್ಲ ಎಂದು ಕೇಳುವುದು ಈಗಲೂ ಇದೆ, ಅದನ್ನು ಬಿಡಲು ಬರುವುದಿಲ್ಲ. ಆದರೆ ಮೊದಲು ಏನೇನು ಮಾಡಲು ಆಗುತ್ತದೆ ಎಂದು ಕೇಳುತ್ತೇನೆ. ಹರಿದದ್ದನ್ನು ಸ್ಕ್ಯಾನ್ ತೋರಿಸುತ್ತದೆ. ಉಳಿದದ್ದನ್ನು ಹುಡುಕುವುದು ನಮ್ಮ ಕೆಲಸ, ಅದನ್ನು ಬಳಸುವ ಧೈರ್ಯ ರೋಗಿಯದು. ವೃತ್ತಿ ನನಗೆ ಕಲಿಸಿದ್ದು ಇದು.

ಆ ಬೇಸಿಗೆಯಲ್ಲಿ ಇಲಾರಿಯಾಳ ಕೊನೆಯ ಪಂದ್ಯವನ್ನು ಕ್ಲಿನಿಕ್‌ನಲ್ಲೇ ಮೊಬೈಲಿನಲ್ಲಿ ನೋಡಿದೆ. ಮೊಣಕಾಲು ಸವೆದ ಗಂಗವ್ವ ಎಂಬ ಹಿರಿಯರು ಕಾಲಿಗೆ ಕರೆಂಟಿನ ಪ್ಯಾಡ್ ಹಾಕಿಸಿಕೊಂಡು ಪಕ್ಕದಲ್ಲೇ ಕೂತು ನೋಡುತ್ತಿದ್ದರು. ಅಲ್ಲಿಯೂ ಕೆಳಗಿನಿಂದಲೇ ಸರ್ವ್. ಸೋತಳು. ಗ್ಯಾಲರಿಗೆ ಗ್ಯಾಲರಿಯೇ ಎದ್ದು ನಿಂತು ಚಪ್ಪಾಳೆ ತಟ್ಟಿತು.

“ಸೋತಳಲ್ರಿ ಆಕಿ?” ಗಂಗವ್ವ ಕೇಳಿದರು.

“ಹೌದ್ರಿ, ಸೋತಳು.”

“ಮತ್ತ ಅಷ್ಟೂ ಮಂದಿ ಯಾಕ ಎದ್ದು ನಿಂತಾರ?”

“ಆಕಿ ಕೈ ಮ್ಯಾಲೆ ಏಳಂಗಿಲ್ರಿ. ಏನು ಬರತೈತೋ ಅದರಾಗ ಆಡಿದಳು,” ಅಂದೆ. ಗಂಗವ್ವ ನನ್ನ ಮುಖವನ್ನೇ ನೋಡಿದರು. ಮೊಣಕಾಲಿನ ಪ್ಯಾಡುಗಳನ್ನು ತಾವೇ ಕಿತ್ತಿಟ್ಟು, ಟೇಬಲಿನ ಅಂಚು ಹಿಡಿದು ಮೆಲ್ಲಗೆ ಎದ್ದರು.

“ನಿಲ್ಲೂದು ನನಗೂ ಬರತೈತ್ರಿ,” ಅಂದರು.