ಒಂದು ಮನೆಯ ತೋಟೆ ಇನ್ನೊಂದು ಮನೆಗೆ

ಹಾರ್ಲನ್ ಬದುಕಿದ್ದಷ್ಟು ಕಾಲ ಆ ಮನೆಯ ನೆಲಮಾಳಿಗೆಯಲ್ಲಿ ಮಾತಿಗೆ ಜಾಗವಿರಲಿಲ್ಲ. ಗಂಡ ಹೆಂಡತಿ ಮುನಿಸಿಕೊಂಡಿದ್ದರು ಎಂದುಕೊಳ್ಳಬೇಡಿ. ಕೋವಿಯ ತೋಟೆ ತುಂಬುವ ಕೆಲಸವೇ ಅಂಥದ್ದು. ಹಾರಿಸಿ ಖಾಲಿಯಾದ ಹಿತ್ತಾಳೆ ಕೊಳವೆಗಳನ್ನು ಉಜ್ಜಿ ತೊಳೆದು, ಬುಡಕ್ಕೆ ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸಿ, ಮದ್ದು ತೂಗಿ ಸುರಿದು, ಮೇಲೆ ಗುಂಡು ಒತ್ತಿ ಬಾಯಿ ಮುಚ್ಚಬೇಕು. ಅಮೆರಿಕದ ಮೊಂಟಾನಾದ ಆ ಬಯಲಲ್ಲಿ ಗೋಧಿ ಕೊಯ್ಲು ಮುಗಿದ ಮೇಲೆ ಅರ್ಧ ಊರು ತಂತಮ್ಮ ನೆಲಮಾಳಿಗೆಗಳಲ್ಲಿ ಇದನ್ನೇ ಮಾಡುತ್ತಿರುತ್ತದೆ. ಮಾತಾಡುತ್ತ ಕೂತರೆ ಯಾವುದಕ್ಕೆ ಮದ್ದು ಬಿತ್ತು, ಯಾವುದಕ್ಕೆ ಬೀಳಲಿಲ್ಲ ಎಂಬುದೇ ತಪ್ಪಿಹೋಗುತ್ತದೆ.

ಮದ್ದು ಸುರಿಯುವುದು ಹಾರ್ಲನ್ ಪಾಲಿನದು, ನೋಡುವುದು ಅವನ ಹೆಂಡತಿ ಆರ್ಲಿಸ್ ಪಾಲಿನದು. ತೂತುಗಳ ಮಣೆಯಲ್ಲಿ ಸಾಲಾಗಿ ನಿಂತ ಕೊಳವೆಗಳ ಮೇಲೆ ಅವಳು ಟಾರ್ಚು ಹಿಡಿದು, ಒಂದೊಂದರ ಬಾಯಲ್ಲೂ ಇಣುಕಿ, ಕೊನೆಗೆ "ಹೂಂ" ಎನ್ನಬೇಕು. ಆ ಹೂಂ ಬಾರದೆ ಹಾರ್ಲನ್ ಒಂದು ಗುಂಡನ್ನೂ ಒತ್ತಿದವನಲ್ಲ. ಅದರಲ್ಲೂ ಆರ್ಲಿಸ್‌ಗೆಂದು ಅವನು ಮಾಡುತ್ತಿದ್ದದ್ದು ಮೆತ್ತಗಿನ ತೋಟೆ. ಅವಳದು ಹಗುರ ಮೈ, ಕೋವಿ ಹಿಂದಕ್ಕೆ ಒದ್ದರೆ ತಡೆಯುತ್ತಿರಲಿಲ್ಲ. ಮೆತ್ತಗಿನದಕ್ಕೆ ಚುರುಕು ಮದ್ದನ್ನು ಒಂದು ಚಿಟಿಕೆಯಷ್ಟೇ ಹಾಕುತ್ತಾರೆ. ಅಷ್ಟುದ್ದದ ಕೊಳವೆಯ ತಳದಲ್ಲೆಲ್ಲೋ ಅದು ಬಿದ್ದಿರುತ್ತದೆ. ಮರೆತು ಎರಡನೆಯ ಸಲ ಸುರಿದರೂ ಉಕ್ಕಿ ಹೊರಗೆ ಬರುವುದಿಲ್ಲ, ಗುಂಡು ಒತ್ತಿಬಿಟ್ಟ ಮೇಲಂತೂ ಯಾರಿಗೂ ತಿಳಿಯುವುದಿಲ್ಲ. ತಿಳಿಯುವುದು ಹಾರಿಸಿದಾಗ, ಕೋವಿ ಒಡೆದು ಚೂರುಗಳು ಮುಖಕ್ಕೆ ಬಂದಾಗ.

ಹಾಗಾಗಿಯೇ ಆ ಸೀಮೆಯಲ್ಲಿ ಒಂದು ಕಟ್ಟುನಿಟ್ಟು. ಟ್ರಾಕ್ಟರು ಕೊಡುತ್ತಾರೆ, ಹೋರಿ ಕೊಡುತ್ತಾರೆ, ಕಾಯಿಲೆ ಎಂದರೆ ಬಿಸಿ ಅಡುಗೆಯನ್ನು ಪಾತ್ರೆ ಸಮೇತ ತಂದಿಟ್ಟು ಹೋಗುತ್ತಾರೆ. ಆದರೆ ಒಂದು ಮನೆಯಲ್ಲಿ ತುಂಬಿದ ತೋಟೆ ಇನ್ನೊಂದು ಮನೆಗೆ ಹೋಗಕೂಡದು. ಗಂಡ ಹೆಂಡತಿಗೆ ಮಾತ್ರ ವಿನಾಯಿತಿ. ಯಾವುದಾದರೂ ಜೋಡಿ ಬೇರೆಯಾಗುತ್ತಿದೆಯಂತೆ ಎಂಬ ಗಾಳಿಸುದ್ದಿ ಎದ್ದರೆ, ಆಕೆಯ ಕೋವಿಯಲ್ಲಿ ಯಾರ ತೋಟೆ ಇದೆ ನೋಡಿ ಎಂದು ನಗುತ್ತಾರೆ.

ಹಾರ್ಲನ್ ಎದೆನೋವಿಗೆ ಹೋಗಿಬಿಟ್ಟ. ಮಕ್ಕಳಿರಲಿಲ್ಲ. ಆರ್ಲಿಸ್ ತೋಟೆ ತುಂಬುವುದನ್ನು ಬಿಡಲಿಲ್ಲ. ಸುರಿಯುವುದೂ ತಾನೇ, ನೋಡುವುದೂ ತಾನೇ, ಹೂಂ ಎನ್ನುವುದೂ ತಾನೇ. ಅಷ್ಟು ತೋಟೆ ಯಾರಿಗೆ ಬೇಕಿತ್ತು? ವರ್ಷಕ್ಕೆ ಒಂದು ಜಿಂಕೆ ಅವಳಿಗೆ ಹೆಚ್ಚು. ಆದರೆ ಗಂಡನ ಪಕ್ಕದಲ್ಲಿ ಅವಳು ಅತಿ ಹೆಚ್ಚು ಕೂತದ್ದು ಅಲ್ಲೇ, ನೆಲಮಾಳಿಗೆಯ ಆ ಕೆಲಸದ ಬೆಂಚಿನ ಮುಂದೆ. ಆಗಲೂ ಮಾತಿರಲಿಲ್ಲ, ಈಗಲೂ ಇಲ್ಲ. ಆದರೆ ಆಗಿನ ಮೌನದಲ್ಲಿ ಇಬ್ಬರಿದ್ದರು. ಈಗಿನದು ಬರೀ ಮೌನ, ಅದು ಅವಳನ್ನು ತಿನ್ನುತ್ತಿತ್ತು.

ಡೆಲ್ಮರ್ ಎಂಬುವನು ಹಳ್ಳದ ಆಚೆ ದನ ಸಾಕಿಕೊಂಡಿದ್ದ ಒಂಟಿ ಗಂಡಸು. ಹಾರ್ಲನ್ ಜೊತೆ ಬೇಟೆಗೆ ಹೋಗುತ್ತಿದ್ದವನು, ಮದುವೆ ಗಿದುವೆ ಆದವನಲ್ಲ. ಆ ವರ್ಷ ಬೇಟೆಯ ಕಾಲ ಹತ್ತಿರವಾದಾಗ ಅವನು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ.

"ಆರ್ಲಿಸ್, ಈ ಭುಜ ನನ್ ಮಾತೇ ಕೇಳ್ತಿಲ್ಲ ಕಣೆ. ಆಪರೇಷನ್ ಆದ್ಮೇಲೆ ಕೋವಿ ಒದ್ರೆ ಜೀವ ಬಾಯಿಗೆ ಬರುತ್ತೆ. ನಿಂಗೆ ಅಂತ ಹಾರ್ಲನ್ ಮೆತ್ತಗಿನದು ಮಾಡ್ತಿದ್ನಲ್ಲ, ಅಂಥದ್ದು ಒಂದು ಡಬ್ಬಿ ಮಾಡ್ಕೊಡ್ತೀಯಾ?"

"ನಿಂಗೆ ತಲೆ ನೆಟ್ಟಗಿದ್ಯಾ? ಇನ್ನೊಬ್ರ ಮನೆ ತೋಟೆ ಯಾರಾದ್ರೂ ಹಾಕ್ತಾರೇನೋ?"

"ಹಾರ್ಲನ್ ಮಾಡಿದ್ದು ಅಂದ್ಕೋತೀನಿ ಬಿಡು."

"ಹಾರ್ಲನ್ ಸತ್ತಿದ್ದಾನೆ."

"ಗೊತ್ತಮ್ಮಾ. ಪೆಟ್ಟಿಗೆಗೆ ಹೆಗಲು ಕೊಟ್ಟೋನು ನಾನೇ."

ಆಗುವುದಿಲ್ಲ ಎಂದು ಅವಳು ಬಾಗಿಲು ಹಾಕಬೇಕಿತ್ತು. ಹಾಕಲಿಲ್ಲ. "ಖಾಲಿ ಕೊಳವೆ ತಂದುಕೊಡು, ನೋಡೋಣ" ಎಂದಳು. ಅವನು ಒಂದು ದಿನ ಕೊಳವೆ ತಂದ, ಇನ್ನೊಂದು ದಿನ ಕೋವಿ ತಂದು ತೋರಿಸಿದ, ಮತ್ತೊಂದು ದಿನ ಟೋಪಿ ಮರೆತೆನೆಂದು ಬಂದ. ಅವನು ಬರುವ ದಿನ ಅವಳು ಸೇಬಿನ ಪೈ ಮಾಡುತ್ತಿದ್ದಳು. ಯಾವಾಗ ಬರುತ್ತಾನೆಂದು ಹೇಳಿ ಹೋಗುವವನಲ್ಲವಾದ್ದರಿಂದ ದಿನಾ ಮಾಡುತ್ತಿದ್ದಳು ಎನ್ನುವುದೇ ಸರಿ.

ಅವನ ತೋಟೆಗಳಿಗೆ ಮದ್ದು ಸುರಿಯುತ್ತಿದ್ದಾಗಲೇ ಅಂಗಳದಲ್ಲಿ ಗಾಡಿಯ ಸದ್ದಾಯಿತು. ಕೆಲಸದ ನಡುವೆ ಎದ್ದರೆ ಸುರಿದದ್ದನ್ನೆಲ್ಲ ಮದ್ದಿನ ಡಬ್ಬಿಗೆ ವಾಪಸು ಹಾಕಿ ಮೊದಲಿಂದ ಶುರುಮಾಡಬೇಕು, ಅದು ಹಾರ್ಲನ್‌ನ ನಿಯಮ. ಆರ್ಲಿಸ್ ಎಲ್ಲವನ್ನೂ ಇದ್ದಲ್ಲೇ ಬಿಟ್ಟು ಮೆಟ್ಟಿಲು ಹತ್ತಿದಳು. ಡೆಲ್ಮರ್ ಎರಡು ತುಂಡು ಪೈ ತಿಂದ. ತನ್ನ ಹೋರಿ ಪಾದ್ರಿಯ ಹಿತ್ತಲಿಗೆ ನುಗ್ಗಿ, ಒಣಗಲು ಹಾಕಿದ್ದ ನಿಲುವಂಗಿಯನ್ನು ಕೊಂಬಿಗೆ ಸಿಕ್ಕಿಸಿಕೊಂಡು ಊರು ಸುತ್ತಿದ್ದನ್ನು ಹೇಳಿದ. ಆರ್ಲಿಸ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವನು ಹೋದ ಮೇಲೆ ಅದೇ ನಗುವಿನಲ್ಲಿ ಕೆಳಗಿಳಿದು, ಬಿಟ್ಟಲ್ಲಿಂದ ಸುರಿದು, ಗುಂಡು ಒತ್ತಿ, ಡಬ್ಬಿ ತುಂಬಿದಳು. ಭಾನುವಾರ ಚರ್ಚಿನ ಹೊರಗೆ ಅದನ್ನು ಅವನ ಕೈಗಿತ್ತಳು.

ಮುಂದಿನ ಶನಿವಾರ ಬೆಳಿಗ್ಗೆ ಕೋಳಿಗೂಡಿನ ಮೂಲೆಯಲ್ಲಿ ಮೊಟ್ಟೆ ಹುಡುಕಲು ನೆಲಮಾಳಿಗೆಯ ಟಾರ್ಚು ತೆಗೆದುಕೊಂಡು ಹೋದಳು. ಹತ್ತಲಿಲ್ಲ. ತಿರುಗಿಸಿ ತೆಗೆದರೆ ಒಳಗೆ ಬ್ಯಾಟರಿ ಸೋರಿ ಹಸಿರುಗಟ್ಟಿತ್ತು. ನಿನ್ನೆ ಮೊನ್ನೆ ಸೋರಿದ್ದಲ್ಲ, ತಿಂಗಳುಗಳೇ ಆಗಿರಬೇಕು. ಅವಳು ಕೋಳಿಗಳ ನಡುವೆ ನಿಂತಲ್ಲೇ ನಿಂತಳು. ಡೆಲ್ಮರ್‌ನ ತೋಟೆಗಳ ಮೇಲೆ ಬಗ್ಗಿ ಬೆಳಕು ಹಿಡಿದದ್ದು, ಹೂಂ ಎಂದದ್ದು ಕಣ್ಣಿಗೆ ಕಟ್ಟಿದಂತೆ ನೆನಪಿತ್ತಲ್ಲ! ಅದು ಆ ದಿನದ ನೆನಪಲ್ಲ, ಹಾರ್ಲನ್ ಇದ್ದ ದಿನಗಳದು ಎಂಬುದು ಅವಳಿಗೆ ಈಗ ಹೊಳೆಯಿತು. ಅವಳು ನೋಡಿಯೇ ಇರಲಿಲ್ಲ.

ಫೋನು ಮಾಡಿದಳು. ಡೆಲ್ಮರ್‌ನ ಮನೆಯಲ್ಲಿ ಎತ್ತುವವರಿರಲಿಲ್ಲ. ಬೇಟೆಗೆ ಮುಂಚಿನ ಶನಿವಾರ ಅವನು ಹಳೆಯ ಜಲ್ಲಿ ಕ್ವಾರಿಗೆ ಹೋಗಿ ಕೋವಿಯ ಗುರಿ ಸರಿಮಾಡಿಕೊಳ್ಳುತ್ತಾನೆಂದು ಅವಳಿಗೆ ಗೊತ್ತಿತ್ತು. ಏಪ್ರನ್ನು ಕೂಡ ಬಿಚ್ಚದೆ ಟ್ರಕ್ಕು ಹತ್ತಿದಳು.

ಕ್ವಾರಿಯ ತಿರುವಿಗೆ ಬರುವ ಮೊದಲೇ ಕೋವಿಯ ಒಂದು ಈಡಿನ ಸದ್ದು ಕೇಳಿತು. ಮೆತ್ತಗಿನ ಸದ್ದು, ಸರಿಯಾದ ತೋಟೆಯ ಸದ್ದು. ಅವಳ ಉಸಿರು ಹೊರಬಿತ್ತು. ಇನ್ನೊಂದು ಕೇಳುವವರೆಗೆ ಮತ್ತೆ ಒಳಗೇ ನಿಂತಿತು. ಆಗ ಒಂದು ಕೆಟ್ಟ ಯೋಚನೆ ಬಂತು, ಬಂದದ್ದು ನಿಜವಾದ್ದರಿಂದ ಮುಚ್ಚಿಡುವುದು ಸರಿಯಲ್ಲ. ಎಲ್ಲವೂ ಸರಿಯಾಗಿಯೇ ಇರಬಹುದು, ಅರ್ಧ ಡಬ್ಬಿ ಆಗಲೇ ಮುಗಿದಿರಬಹುದು. ಹೇಳಿದರೆ ಅವನು ಇನ್ನು ಆ ಮನೆಯ ಮೆಟ್ಟಿಲು ತುಳಿಯುವುದಿಲ್ಲ. ಯಾವ ಮುಖ ಇಟ್ಟುಕೊಂಡು ಬಾ ಎನ್ನುವುದು? ಅವಳ ಕಾಲು ಬ್ರೇಕಿನ ಮೇಲೆ ಹೋಯಿತು. ಗಾಡಿ ನಿಂತೇಬಿಟ್ಟಿತು. ಅಷ್ಟರಲ್ಲಿ ಮೂರನೆಯ ಈಡು ಕೇಳಿತು, ಅವಳು "ಅಯ್ಯೋ ದೇವರೇ" ಎಂದು ಕೂಗಿ ಗಾಡಿ ನುಗ್ಗಿಸಿದಳು.

ಡೆಲ್ಮರ್ ಮರದ ಮೇಜಿಗೆ ಒರಗಿ, ಕಿವಿಗೆ ಮುಚ್ಚಳ ಹಾಕಿಕೊಂಡು ಮತ್ತೆ ಕೆನ್ನೆಗೆ ಕೋವಿ ಒತ್ತಿದ್ದ. ಅವಳು ಅವನ ಕಣ್ಣಿಗೆ ಬೀಳುವ ಹಾಗೆ ಮಗ್ಗುಲಲ್ಲಿ ಬಂದು, ಗಾಡಿಯ ದೀಪ ಮಿಣುಕಿಸಿ, ಹಾರ್ನ್ ಒತ್ತಿ ಹಿಡಿದಳು. ಅವನು ತೋಟೆ ಹೊರತೆಗೆದು, ಕೋವಿಯನ್ನು ಮೇಜಿನ ಮೇಲಿಟ್ಟು ಎದ್ದ.

"ಏನೇ ಇದು, ಏಪ್ರನ್ ಕಟ್ಕೊಂಡೇ ಬೇಟೆಗೆ ಬಂದ್ಯಾ?"

"ಹಾರಿಸ್ಬೇಡ. ಅದನ್ನ ನಾನು ನೋಡಿಲ್ಲ ಡೆಲ್ಮರ್. ಒಂದನ್ನೂ ನೋಡಿಲ್ಲ."

ಅವನ ನಗು ಇಳಿಯಿತು. ಕೈಯಲ್ಲಿದ್ದ ತೋಟೆಯನ್ನು ಒಮ್ಮೆ ನೋಡಿ ಡಬ್ಬಿಯೊಳಗಿಟ್ಟ. "ಎರಡು ಸಲ ಬಿದ್ದಿರಬಹುದಾ?"

"ಬಿದ್ದಿರಬಹುದು."

ಅವಳ ಮನೆಗೆ ಮರಳಿ, ನೆಲಮಾಳಿಗೆಯಲ್ಲಿ ಇಬ್ಬರೂ ಉಳಿದ ತೋಟೆಗಳನ್ನು ಬಿಚ್ಚಲು ಕೂತರು. ಗುಂಡು ಕೀಳಲೆಂದೇ ಇರುವ ಪೊಳ್ಳು ತಲೆಯ ಸುತ್ತಿಗೆಯೊಳಗೆ ತೋಟೆ ಸಿಕ್ಕಿಸಿ ಅವನು ಮರದ ತುಂಡಿಗೆ ಬಡಿಯುತ್ತಿದ್ದ, ಉದುರಿದ ಮದ್ದನ್ನು ಅವಳು ತೂಗುತ್ತಿದ್ದಳು. ಸರಿ. ಸರಿ. ಇದೂ ಸರಿ. ಡೆಲ್ಮರ್‌ಗೆ ಧೈರ್ಯ ಬಂದು, "ಸುಮ್ನೆ ನನ್ ಬೆಳಗಿನ ಹೊತ್ತು ಹಾಳು ಮಾಡ್ದೆ" ಎಂದು ರೇಗಿಸಲು ಶುರುಮಾಡಿದ. ಅವಳು ಬಾಯಿ ಮುಚ್ಚು ಎಂದು ಸನ್ನೆ ಮಾಡಿದಳು.

ಡಬ್ಬಿಯ ತಳ ಕಾಣಿಸುವ ಹೊತ್ತಿಗೆ ಒಂದರ ಮದ್ದು ತಟ್ಟೆಗೆ ಬಿದ್ದದ್ದೇ ತಕ್ಕಡಿಯ ಕೋಲು ಟಣ್ಣನೆ ಮೇಲಕ್ಕೆದ್ದು ನಿಂತಿತು. ಅವಳು ತೂಕ ಸರಿಸುತ್ತ ಹೋದಳು. ಸರಿಯಾಗಿ ಎರಡು ಪಾಲಿತ್ತು.

ಡೆಲ್ಮರ್ ಸುತ್ತಿಗೆ ಕೆಳಗಿಟ್ಟ. ಅಂಗೈಯನ್ನು ಮುಖದ ಮೇಲೆ, ಕಣ್ಣುಗಳ ಮೇಲೆ ಆಡಿಸಿಕೊಂಡ. ಎಲ್ಲ ಇದ್ದಲ್ಲೇ ಇತ್ತು.

"ನೀನು ಇಂಥಾ ತಪ್ಪು ಮಾಡೋಳಲ್ಲ," ಎಂದ ಮೆಲ್ಲಗೆ. "ಏನಾಯ್ತೇ?"

ಆರ್ಲಿಸ್‌ಗೆ ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ. "ನಿನ್ ಗಾಡಿ ಸದ್ದು ಕೇಳ್ತು. ಯಾರೋ ಬಂದ್ರಲ್ಲ ಅಂತ ಎದ್ದು ಓಡ್ದೆ. ನೀನು ಹೋದ್ಮೇಲೂ ನೀನು ಬಂದಿದ್ದೆ ಅನ್ನೋ ಖುಷೀಲೇ ಇದ್ದೆ. ನಿಯಮ ಗಿಯಮ ಒಂದೂ ನೆನಪಾಗ್ಲಿಲ್ಲ. ತೋಟೆ ಮಾಡ್ಕೊಟ್ರೆ ಮತ್ತೆ ಬರ್ತೀಯ ಅಂದ್ಕೊಂಡೆ. ಅಷ್ಟೇ ನನ್ ಬುದ್ಧಿ. ಇನ್ಮೇಲೆ ಅಂಗಡಿ ತೋಟೆ ತಗೋ. ಇಲ್ಲಿಗೆ ಬರೋದೂ ಬೇಡ."

ಅವನು ತಕ್ಕಡಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಕಿವಿಗಳು ಚಿಕ್ಕ ಹುಡುಗನ ಕಿವಿಗಳ ಹಾಗೆ ಕೆಂಪಾದವು.

"ಭುಜ ವಾಸಿಯಾಗಿ ವರ್ಷ ಆಯ್ತು ಆರ್ಲಿಸ್," ಎಂದ. "ಮೆತ್ತಗಿನದು ನಂಗೆ ಬೇಕೇ ಇರ್ಲಿಲ್ಲ. ಏನು ಅಂತ ಹೇಳ್ಕೊಂಡು ನಿನ್ ಬಾಗಿಲಿಗೆ ಬರ್ಲಿ ಅಂತ ಗೊತ್ತಾಗ್ಲಿಲ್ಲ."

ಅವಳಿಗೆ ಮೊದಲು ಬಂದದ್ದು ಸಿಟ್ಟು. "ಕಾಫಿ ಬೇಕು ಅನ್ನೋಕೆ ಆಗ್ತಿರ್ಲಿಲ್ವೇನೋ ಮುಟ್ಠಾಳ? ಅಷ್ಟಕ್ಕೋಸ್ಕರ ಎರಡೂ ಕಣ್ಣು ಕಳ್ಕೊಳ್ತಿದ್ಯಲ್ಲೋ!" ಎಂದು ಕೂಗಿದಳು. ಹಾಗೆ ಕೂಗುತ್ತಲೇ ಅಳು ಬಂದುಬಿಟ್ಟಿತು. ಹಾರ್ಲನ್‌ನನ್ನು ಮಣ್ಣು ಮಾಡಿದ ದಿನವೂ ಜನರೆದುರು ಅತ್ತವಳಲ್ಲ. ಡೆಲ್ಮರ್‌ಗೆ ಅಳುವ ಹೆಂಗಸಿನೆದುರು ಏನು ಮಾಡಬೇಕೆಂದು ತಿಳಿಯದು, ಕಲಿಸಿದವರೂ ಇರಲಿಲ್ಲ. ಅವನು ಎದ್ದು ಹೋಗಲೂ ಇಲ್ಲ. ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು ಅವಳ ಪಕ್ಕದಲ್ಲೇ, ಒಂದು ಮಾತೂ ಆಡದೆ, ಮಧ್ಯಾಹ್ನದವರೆಗೆ ಕೂತಿದ್ದ.