ಎಕಂಬಾ ಬಾವಿಯಲ್ಲಿ ಜಮೈಕಾ

ತಪ್ಪನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಯಾವ ರಾಜ್ಯದಲ್ಲಿ ನೌಕರಿ ಮಾಡುತ್ತೀ ಎಂದು ಸರ್ಕಾರ ಕೇಳಿದ್ದಕ್ಕೆ ನಾನು ‘ಜಮೈಕಾ’ ಎಂದು ಬರೆದು, ಸಹಿ ಹಾಕಿ ಕೊಟ್ಟೆ. ಕಾರಣ ಬರೆಯುವ ಜಾಗದಲ್ಲಿ ‘ಸಮುದ್ರದ ತಳದಲ್ಲಿ ಮೀನು ನೋಡುವುದು’ ಎಂದು ತುಂಬಿದ್ದೆ.

ಹೈದರಾಬಾದ್ ರಾಜ್ಯ ಮೂರು ಪಾಲಾಗಿ ನಮ್ಮ ಬೀದರ್ ಮೈಸೂರು ರಾಜ್ಯಕ್ಕೆ ಸೇರಲಿದ್ದ ದಿನಗಳು ಅವು. ದಫ್ತರದಲ್ಲಿ ಯಾರೂ ಕುರ್ಚಿಯಲ್ಲಿ ನೆಟ್ಟಗೆ ಕೂಡುತ್ತಿರಲಿಲ್ಲ. ಯಾರು ಇಲ್ಲೇ ಉಳಿಯುತ್ತಾರೆ, ಯಾರನ್ನು ಮುಂಬಯಿ ಕಡೆ ಹಾಕುತ್ತಾರೆ, ಯಾರು ಆಂಧ್ರಕ್ಕೆ ಎಂಬ ಮಾತೇ ಮಾತು. ಒಬ್ಬ ಎದ್ದು ಕಿಟಕಿಗೆ ಹೋದರೆ ಏನೋ ಸುದ್ದಿ ಬಂತೆಂದು ನಾಲ್ವರು ಏಳುತ್ತಿದ್ದರು. ಅವನು ಎಲೆಯಡಿಕೆ ಉಗುಳಿ ಬರುತ್ತಿದ್ದ.

ನಾನು ಹಂಗಾಮಿ ಗುಮಾಸ್ತ. ಒಂದು ಕಾಗದ ಹಾರಿದರೆ ಅದರ ಜೊತೆ ಹಾರಿಹೋಗುವಷ್ಟು ಹಗುರ ನನ್ನ ನೌಕರಿ. ಆ ದಿಗಿಲಿನಲ್ಲಿ ಕೂತಿರಲಾಗದೆ ನಾನು ಮತ್ತು ಪಕ್ಕದ ಮೇಜಿನ ಗೆಳೆಯ ಒಂದು ಪ್ರವಾಸದ ಯೋಜನೆ ಹಾಕಿಕೊಂಡಿದ್ದೆವು. ಭಾಲ್ಕಿ ಸ್ಟೇಷನ್ನಿನಲ್ಲಿ ಭಜಿ ಕಟ್ಟಿಕೊಟ್ಟಿದ್ದ ಇಂಗ್ಲಿಷ್ ಪತ್ರಿಕೆಯ ಹಾಳೆಯಲ್ಲಿ ಒಂದು ಚಿತ್ರವಿತ್ತು. ಒಬ್ಬ ಮನುಷ್ಯ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ಬಾಯಲ್ಲಿ ನಳಿಗೆ ಕಚ್ಚಿಕೊಂಡು, ಸಮುದ್ರದೊಳಗೆ ಮೀನುಗಳ ನಡುವೆ ಬೀಗರ ಮನೆಗೆ ಬಂದವನಂತೆ ಅಡ್ಡಾಡುತ್ತಿದ್ದ. ಕೆಳಗೆ ‘ಜಮೈಕಾ’ ಎಂದಿತ್ತು. ಭಜಿಯ ಎಣ್ಣೆ ಹತ್ತಿ ಆ ಸಮುದ್ರ ಇನ್ನಷ್ಟು ಮಿಂಚುತ್ತಿತ್ತು.

ನಕಾಶೆಯಲ್ಲಿ ಅಳೆದೆವು. ಒಂದು ಗೇಣು. ಹದಿನೈದು ದಿನದ ರಜೆ ಸಾಕು ಎಂದೆ ನಾನು. ಗೆಳೆಯ ವಿಚಾರಿಸಿಕೊಂಡು ಬಂದು, ಹಡಗು ಅಲ್ಲಿ ಮುಟ್ಟುವುದಕ್ಕೇ ತಿಂಗಳ ಮೇಲಾಗುತ್ತದೆ ಎಂದ. “ಅಂದ್ರ ನಾವು ಅರ್ಧ ದಾರಿಗೆ ಹೋಗೂದ್ರಾಗ ರಜಾ ಮುಗಿದು, ಅಲ್ಲೇ ನೀರಾಗ ಹಾರಿ ಈಸಿಗೋತ ವಾಪಸ್ ಬರಬೇಕಲೇ!” ಎಂದು ಮೇಜು ಬಡಿದು ನಕ್ಕ. ನನಗೆ ನಗು ಬರಲಿಲ್ಲ. ನನಗೆ ಈಜು ಬರುತ್ತಿರಲಿಲ್ಲ.

ಅದೇ ವಾರ ಎಲ್ಲರಿಗೂ ಎರಡೆರಡು ಫಾರಂ ಕೊಟ್ಟರು. ಒಂದು ಕೊಡುವುದಕ್ಕೆ, ಒಂದು ಇಟ್ಟುಕೊಳ್ಳುವುದಕ್ಕೆ. ಗೆಳೆಯನನ್ನು ನಗಿಸಲೆಂದು ಒಂದರಲ್ಲಿ ಜಮೈಕಾ ತುಂಬಿದೆ. ಇನ್ನೊಂದರಲ್ಲಿ ಮೈಸೂರು ರಾಜ್ಯ, ಬೀದರ್ ಎಂದು ಸಭ್ಯನಾಗಿ ಬರೆದೆ. ಎರಡಕ್ಕೂ ಸಹಿ ಹಾಕಿ, ಒಂದನ್ನು ಮಡಚಿ ಹೆಡ್ ಕ್ಲರ್ಕರ ಮೇಜಿನ ಮೇಲಿಟ್ಟು, ಇನ್ನೊಂದನ್ನು ನನ್ನ ಮೇಜಿನ ಖಾನೆಗೆ ಹಾಕಿ, ನಾಲ್ಕು ದಿನ ರಜೆ ಹಾಕಿ, ಈಜು ಕಲಿಯಲು ಔರಾದ ತಾಲೂಕಿನ ಎಕಂಬಾಕ್ಕೆ ಹೋದೆ. ಅಲ್ಲಿ ನನ್ನ ಅಕ್ಕನ ಮನೆ. ಭಾವನ ಹೊಲದಲ್ಲಿ ಮೆಟ್ಟಿಲಿದ್ದ ಬಾವಿ, ಮಳೆಗಾಲ ಮುಗಿದು ತುಂಬಿ ನಿಂತಿತ್ತು.

ಈಜು ಆಮೇಲೆ, ಮೊದಲು ಗಾಳಿಯ ಏರ್ಪಾಡು ಪರೀಕ್ಷಿಸೋಣ ಎಂದುಕೊಂಡೆ. ಒಂದು ಸೈಕಲ್ ಟ್ಯೂಬನ್ನು ಕತ್ತರಿಸಿ ಉದ್ದ ನಳಿಗೆ ಮಾಡಿ, ಒಂದು ತುದಿಯನ್ನು ಪಂಪಿಗೆ ಕಟ್ಟಿ ಭಾವನ ಕೈಗೆ ಕೊಟ್ಟೆ. ಇನ್ನೊಂದನ್ನು ಬಾಯಲ್ಲಿಟ್ಟುಕೊಂಡು, ಸೊಂಟಕ್ಕೆ ಹಗ್ಗ ಬಿಗಿದು, ಎದೆಮಟ್ಟದ ನೀರಿನ ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕೂತು ಮುಳುಗಿದೆ. ಭಾವ ಲಾರಿಯ ಗಾಲಿಗೆ ಹವಾ ತುಂಬುವವನ ಹಾಗೆ ಹೊಡೆದ. ಕೆನ್ನೆ ಎರಡೂ ಪೂರಿಯಾದವು. ರಬ್ಬರಿನ ವಾಸನೆಯ ಬಿಸಿಗಾಳಿ ಮೂಗಿನಿಂದ ಹೊರಟಿತು, ಅದು ಹೋದ ಜಾಗಕ್ಕೆ ಬಾವಿ ಒಳಗೆ ಬಂತು. ನಾನು ಕಂಡ ಜಲಚರ ನನ್ನವೇ ಎರಡು ಪಾದಗಳು.

ಕೆಮ್ಮುತ್ತಾ ಮೇಲೆದ್ದಾಗ ಬಾವಿಯ ಕಟ್ಟೆಯ ಮೇಲೆ ಗೆಳೆಯ ನಿಂತಿದ್ದ. ಬೆಳಗಿನ ಬಸ್ಸಿಗೆ ಬೀದರಿನಿಂದ ಔರಾದಕ್ಕೆ ಬಂದು, ಅಲ್ಲಿಂದ ಯಾರದೋ ಗಾಡಿ ಹತ್ತಿದ್ದನಂತೆ.

“ಏ ಜಮೈಕಾದವ್ನ, ಮ್ಯಾಲ ಬಾ! ನಿನ್ನ ನೌಕ್ರಿ ಮುಳುಗಲಿಕ್ಕತ್ತದ. ಖರೇ ಫಾರಂ ನಿನ್ನ ಮೇಜಿನ ಖಾನ್ಯಾಗ ಅದ, ಚೇಷ್ಟಾದ್ದು ಹೆಡ್ ಕ್ಲರ್ಕ್ ಸಾಹೇಬ್ರ ಕೈಯಾಗ ಅದ!”

ತಲೆಯ ನೀರು ಅಲ್ಲೇ ಒಣಗಿತು. ಹೆಡ್ ಕ್ಲರ್ಕರು ಅದನ್ನು ತಡೆಹಿಡಿದಿದ್ದರು. ಆದರೆ ಎಲ್ಲ ಫಾರಂಗಳ ತಪಾಲು ಚೀಲ ಇವತ್ತೇ ನಾಲ್ಕಕ್ಕೆ ಹೊರಡುತ್ತದೆ. ಬೇರೆಯವರ ಕೈಯಿಂದ ತೆಗೆದುಕೊಳ್ಳುವುದಿಲ್ಲ ಎಂದಿದ್ದರಂತೆ, ಅಷ್ಟರೊಳಗೆ ನಾನೇ ಹೋಗಿ ಸರಿಯಾದದ್ದನ್ನು ಕೊಡಬೇಕು. ಇಲ್ಲದಿದ್ದರೆ ಹಂಗಾಮಿಯವನ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಔರಾದದಿಂದ ಬಸ್ಸು ಮಧ್ಯಾಹ್ನಕ್ಕೆ.

“ಅದಕ್ಯಾಕ ಹೆದರ್ತಿ? ಔರಾದ ತನಕ ನನ್ನ ಸೈಕಲ್ ಒಯ್ಯಿ,” ಎಂದ ಭಾವ.

ನಾನು ಸೊಂಟದ ಹಗ್ಗ ಬಿಚ್ಚತೊಡಗಿದೆ. ಭಾವ ನನ್ನ ಮುಖ ನೋಡಿದ, ತನ್ನ ಕೈಯಲ್ಲಿದ್ದ ನಳಿಗೆ ನೋಡಿದ.

“ಇದು ಯಾ ಸೈಕಲಿಂದು?”

“ನಿಮ್ಮದೇರಿ ಭಾವಾ. ಹಿಂದಿನ ಗಾಲಿದು.”

“ಒಂದು ತಾಸಿನಿಂದ ನನ್ನ ಸೈಕಲಿನ ಕರುಳು ಹಿಡಕೊಂಡು ನಾನೇ ಹವಾ ಹೊಡೀಲಿಕ್ಕತ್ತೀನಿ! ನಿಮ್ಮಕ್ಕ ಹೇಳಿದ್ಳು, ತಮ್ಮ ಬರ್ತಾನ, ಸಾಮಾನ ಎತ್ತಿಡ್ರಿ ಅಂತ. ಕೇಳಲಿಲ್ಲ ನಾ.”

ಬೈಯುತ್ತಲೇ ಜೋಳದ ಕಣಿಕೆಯ ಬಣವೆಯಿಂದ ರವದಿ, ಅಂದರೆ ದಂಟಿನ ಒಣ ಎಲೆ, ಕಿತ್ತು ತಂದ. ಅದನ್ನು ಹುರಿಯಂತೆ ತಿರುವಿ ಟೈರಿನೊಳಗೆ ತುರುಕಿದೆವು. ಗೆಳೆಯ ಬರುತ್ತಾನೆಂದುಕೊಂಡರೆ, “ರವದಿ ಇಬ್ಬರ ಭಾರ ತಡಿಯೂದಿಲ್ಲ. ಅಕ್ಕ ರೊಟ್ಟಿ ಬಡೀಲಿಕ್ಕತ್ತಾಳ, ನಾ ಇಲ್ಲೇ ಉಣ್ತೇನಿ, ನೀ ಹೋಗು,” ಎಂದು ಕೈಕಾಲು ತೊಳೆಯಲು ನಡೆದ.

ಆ ಸೈಕಲ್ ಪ್ರತಿ ಸುತ್ತಿಗೊಮ್ಮೆ ಒಂಟೆಯಂತೆ ಎದ್ದು ಕೂಡುತ್ತಿತ್ತು. ಹಿಂದೆ ರವದಿ ಉದುರುತ್ತಿತ್ತು, ಅದನ್ನು ತಿನ್ನುತ್ತಾ ಒಂದು ಆಕಳು ಬಹಳ ದೂರ ನನ್ನ ಜೊತೆ ಬಂತು. ಔರಾದ ಮುಟ್ಟಿದಾಗ ಬಸ್ಸು ಹೊರಡುತ್ತಿತ್ತು. ಸೈಕಲ್ ಅಲ್ಲೇ ಗೋಡೆಗೆ ಒರಗಿಸಿ, ಬಸ್ಸಿನ ಹಿಂದಿನ ಏಣಿ ಹಿಡಿದು ಜೋತುಬಿದ್ದೆ. ಕಂಡಕ್ಟರ್ ಬೈದು ಒಳಗೆ ಎಳೆದುಕೊಂಡ. ಬೀದರಿನ ತನಕ ಕೂತೆ, ಎದ್ದೆ, ಮತ್ತೆ ಕೂತೆ. ಪಕ್ಕದ ಮುದುಕಿ, “ಯಪ್ಪಾ, ಇರುವಿ ಹೊಕ್ಕಾವೇನು?” ಎಂದು ಕೇಳಿದಳು.

ದಫ್ತರಕ್ಕೆ ಓಡಿದಾಗ ನಾಲ್ಕಕ್ಕೆ ಸ್ವಲ್ಪ ಕಡಿಮೆ. ಚೀಲದ ಬಾಯಿ ಇನ್ನೂ ಕಟ್ಟಿರಲಿಲ್ಲ. ಖಾನೆಯಿಂದ ಸರಿಯಾದ ಫಾರಂ ತೆಗೆದು ಎರಡೂ ಕೈಯಿಂದ ಕೊಟ್ಟೆ. ಹೆಡ್ ಕ್ಲರ್ಕರು ಓದಿ, ಚೀಲಕ್ಕೆ ಹಾಕಿದರು. ನನ್ನ ನೌಕರಿ ಉಳಿಯಿತು. ಜಮೈಕಾದ ಫಾರಂ ಹರಿದು ಹಾಕಲು ಕೈ ಚಾಚಿದೆ. ಅವರು ಕೊಡಲಿಲ್ಲ.

ಆಗಲೇ ನೋಡಿದ್ದು, ಅವರ ಮುಂದೆ ಇನ್ನೊಂದು ಫಾರಂ ಇತ್ತು. ಹೆಸರು ಅವರದೇ. ಕೆಳಗೆಲ್ಲ ಖಾಲಿ. ಅವರ ಮನೆ ಬೀದರಿನಲ್ಲಿ, ಹೊಲ ಮತ್ತು ಅಣ್ಣತಮ್ಮಂದಿರು ಉದಗೀರದಲ್ಲಿ. ಉದಗೀರ ಮುಂಬಯಿ ರಾಜ್ಯಕ್ಕೆ ಹೋಗುವುದಿತ್ತು.

“ಮೂರು ಸಲ ಬರದು ಹರದೀನಿ, ತಮ್ಮಾ,” ಎಂದರು. “ಎಲ್ಲಾರ ಫಾರಂ ನಾನೇ ತಪಾಸ ಮಾಡೀನಿ. ನಿನಗರ ಕೈ ಓಡಿತು, ಹೋಗಬೇಕಂದ ಊರಿನ ಹೆಸರು ಬರದಿ. ಚೀಲಾ ಕಟ್ಟೂ ಹೊತ್ತಾತು. ಇಲ್ಲಿ ನಾ ಏನ್ ಬರೀಲಿ, ಹೇಳು.”